ಟೀಪಾಟಿನಲ್ಲಿ ಕಾಫಿ

ಗೊತ್ತಿರುವುದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರುವುದು ದೊಡ್ಡ ಗುಣವಂತೆ. ಆ ಗುಣ ನನಗೆ ಬರಲಿಲ್ಲ. ನಾನು ಹೈಸ್ಕೂಲು ಮೇಷ್ಟ್ರು. ಗೊತ್ತಿದ್ದದ್ದನ್ನು ಹೇಳಲಿ ಎಂದೇ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ಕೊನೆಯ ಗಂಟೆ ಹೊಡೆದ ಮೇಲೂ ಬಾಯಿ ನಿಲ್ಲದಿದ್ದರೆ ಅದು ಸರ್ಕಾರದ ತಪ್ಪಲ್ಲ, ನನ್ನದೂ ಅಲ್ಲ, ಅಭ್ಯಾಸದ್ದು. ಹೊನ್ನಾಳಿಯ ಸೇತುವೆ ದಾಟುವಾಗ ಬಸ್ಸಿನಲ್ಲಿ ಪಕ್ಕದವರು 'ಈ ಹೊಳೆ ಎಲ್ಲಿಂದ ಬರ್ತೈತ್ರೀ' ಎಂದು ಬಾಯಿತಪ್ಪಿ ಕೇಳಿದರೆ ಸಾಕು, ತುಂಗೆಯನ್ನೂ ಭದ್ರೆಯನ್ನೂ ಹುಟ್ಟಿದ ಬೆಟ್ಟದಿಂದ ಇಳಿಸಿಕೊಂಡು ಬಂದು ಕೂಡಲಿಯಲ್ಲಿ ಸೇರಿಸುವ ತನಕ ನಾನು ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಕೇಳಿದವರು ನಿದ್ದೆ ಹೋಗಿರುತ್ತಿದ್ದರು. ಕೆಲವರು ನಿದ್ದೆ ಬಂದವರಂತೆ ಕಣ್ಣು ಮುಚ್ಚಿರುತ್ತಿದ್ದರು ಎಂದು ನನ್ನ ಹೆಂಡತಿ ಗಿರಿಜ ಹೇಳುತ್ತಾಳೆ. ಇಂಥ ನನ್ನ ಕೈಗೆ, ಇಡೀ ಹೊನ್ನಾಳಿಯಲ್ಲಿ ಯಾರಿಗೂ ಬೇಕಿರದ ಒಂದು ಜ್ಞಾನ ಸಿಕ್ಕಿಬಿಟ್ಟಿತು. ಟೀಪಾಟಿಗೂ ಕಾಫಿಪಾಟಿಗೂ ಇರುವ ವ್ಯತ್ಯಾಸ ಏನು ಎಂಬುದು.

ಅದು ಸಿಕ್ಕಿದ್ದು ಹೀಗೆ. ನಮ್ಮೂರಿಗೆ ವರ್ಗವಾಗಿ ಬಂದ ಅಧಿಕಾರಿಗಳು ಮತ್ತೆ ವರ್ಗವಾಗಿ ಹೋಗುವಾಗ ಹೊರಲಾರದ ಸಾಮಾನುಗಳನ್ನು ಮಾರಿ ಹೋಗುವುದು ಆಗಿನ ರೂಢಿ. ಊರಿನವರು ಹೋಗುತ್ತಿದ್ದುದು ಕೊಳ್ಳುವುದಕ್ಕಿಂತ ಹೆಚ್ಚಾಗಿ ದೊಡ್ಡವರ ಮನೆ ಒಳಗೆ ಹೇಗಿರುತ್ತದೆ ಎಂದು ನೋಡುವುದಕ್ಕೆ. ಒಬ್ಬ ಡಾಕ್ಟರಿಗೆ ವರ್ಗವಾದಾಗ ನಾನೂ ಹೋದೆ. ಅವರ ಜಗಲಿಯಲ್ಲಿದ್ದ ಬೆತ್ತದ ಕುರ್ಚಿಯ ಮೇಲೆ ನನಗೆ ಬಹಳ ದಿನದಿಂದ ಕಣ್ಣಿತ್ತು. ನಾನು ಹೋಗುವ ಹೊತ್ತಿಗೆ ಅದನ್ನು ಅಡಿಕೆ ಮಂಡಿಯವರೊಬ್ಬರು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಹೋಗುತ್ತಿದ್ದರು. ಬರಿಗೈಲಿ ವಾಪಸು ಬರಲು ಸಂಕೋಚವಾಗಿ ಅಲ್ಲೇ ಸುಳಿದಾಡುತ್ತಿದ್ದಾಗ ಡಾಕ್ಟರ ಹೆಂಡತಿ ಕರೆದು, ಮೇಜಿನ ಮೇಲಿದ್ದ ಎರಡು ಬಿಳಿಯ ಪಿಂಗಾಣಿ ಪಾತ್ರೆಗಳನ್ನು ತೋರಿಸಿದರು. ಒಂದು ಕುಳ್ಳಗೆ, ದುಂಡಗೆ. ಇನ್ನೊಂದು ಎತ್ತರವಾಗಿ, ತೆಳ್ಳಗೆ. ಎರಡಕ್ಕೂ ಒಂದೊಂದು ಹಿಡಿ, ಒಂದೊಂದು ಮೂತಿ, ಒಂದೊಂದು ಮುಚ್ಚಳ. ಮೈಮೇಲೆ ನೀಲಿ ಬಳ್ಳಿ.

"ನೋಡಿ ಮೇಷ್ಟ್ರೇ, ಈ ದಪ್ಪ ಇರೋದು ಟೀಗೆ" ಎಂದರು ಆ ತಾಯಿ. "ಎಲೆ ಬಿಸಿನೀರಲ್ಲಿ ಅರಳಬೇಕಲ್ಲ, ಅದಕ್ಕೆ ಹೊಟ್ಟೆ ಅಗಲ. ಅರಳಿದ ಎಲೆ ಹಗುರ, ನೀರಿನ ಜೊತೆ ಎಲ್ಲಾ ಕಡೆ ಓಡಾಡ್ತಿರತ್ತೆ. ಅದಕ್ಕೇ ಮೂತಿ ಹೊಟ್ಟೆಗೆ ಸೇರೋ ಜಾಗದಲ್ಲಿ ಒಳಗಡೆ ಸಣ್ಣ ಸಣ್ಣ ತೂತು, ಜರಡಿ ಥರ. ಈ ಉದ್ದ ಇರೋದು ಕಾಫಿಗೆ. ಕಾಫಿಪುಡಿ ಭಾರ, ತಳಕ್ಕೆ ಕೂರತ್ತೆ. ಅದಕ್ಕೆ ಮೂತಿ ಮೇಲೆ ಇಟ್ಟಿದ್ದಾರೆ. ಚರಟ ತಳದಲ್ಲೇ ಉಳಿಯತ್ತೆ, ಮೇಲಿನ ತಿಳಿ ಮಾತ್ರ ಬರತ್ತೆ. ಜರಡಿ ಬೇಡ." ಆಮೇಲೆ ಟೀಪಾಟಿನ ಮುಚ್ಚಳ ತೆಗೆದು ತೋರಿಸಿ, "ಇದಕ್ಕೊಂದು ನಾಲಿಗೆ ಇತ್ತು, ಬಗ್ಗಿಸಿದಾಗ ಬೀಳದ ಹಾಗೆ ಹಿಡ್ಕೊಳ್ಳೋಕೆ. ಅದು ಮುರಿದುಹೋಗಿದೆ. ಬಗ್ಗಿಸುವಾಗ ಮೇಲೆ ಬೆರಳಿಟ್ಕೊಳ್ಳಿ" ಎಂದು ಎಚ್ಚರಿಸಿದರು. ನಾನು ಪಾತ್ರೆಗಳನ್ನು ಕೊಂಡೆನೋ ಪಾಠವನ್ನು ಕೊಂಡೆನೋ ಈಗಲೂ ಹೇಳಲಾರೆ. ಎರಡನ್ನೂ ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದೆ.

"ಎರಡು ಗಿಂಡಿ ಯಾಕೆ ತಂದ್ಯೋ ತಮ್ಮ?" ಎಂದಳು ಅವ್ವ.

ನಾನು ಗಿಂಡಿಯಲ್ಲ ಎಂದು ಬಿಡಿಸಿ ಹೇಳತೊಡಗಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ಕೇಳಿಸಿಕೊಂಡು, "ಮೂತಿ ಐತಲ್ಲ? ನೀರು ಹಾಕಿದ್ರೆ ಮೂತಿಯಿಂದ ಬರ್ತೈತಲ್ಲ? ಮತ್ತೆ ಗಿಂಡಿನೇ" ಎಂದಳು. ಅವಳ ತರ್ಕದಲ್ಲಿ ತಪ್ಪು ಹುಡುಕುವುದು ಯಾವತ್ತೂ ಕಷ್ಟ. ಮೂತಿಯಿರುವ ಪಾತ್ರೆ ನಮಗೇನು ಹೊಸದೇ? ಪೂಜೆಗೆ ಗಿಂಡಿಯಿತ್ತು, ಕೂಸಿಗೆ ಹಾಲು ಹಾಕಲು ಒಳಲೆಯಿತ್ತು. ಆದರೆ ಚಹಾ ಕಾಫಿಗೆ ಮೂತಿ ಬೇಕೆಂದು ನಮ್ಮಲ್ಲಿ ಯಾರಿಗೂ ಅನಿಸಿರಲಿಲ್ಲ. ನಾವು ಮೂಲತಃ ಜಗಳೂರು ಕಡೆಯವರು, ಚಹಾದ ಜನ. ನೀರು, ಹಾಲು, ಬೆಲ್ಲ, ಚಹಾಪುಡಿ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ, ಅವು ತಮ್ಮ ತಮ್ಮ ಜಾತಿ ಮರೆಯುವ ತನಕ ಕುದಿಸಿ, ಬಟ್ಟೆಯಲ್ಲಿ ಸೋಸಿ ಕುಡಿಯುವುದು ನಮ್ಮ ಪದ್ಧತಿ. ಗಿರಿಜಳ ತವರು ಚನ್ನಗಿರಿ, ಅವರದು ಕಾಫಿ. ಹಿತ್ತಾಳೆಯ ಫಿಲ್ಟರಿನಲ್ಲಿ ಇಳಿದ ಡಿಕಾಕ್ಷನ್ನಿಗೆ ಎಮ್ಮೆ ಹಾಲು ಬೆರೆಸಿ, ಲೋಟದಿಂದ ಲೋಟಕ್ಕೆ ಎತ್ತಿ ಹುಯ್ದು ಕೊಡುವುದು ಅವರ ಪದ್ಧತಿ. ಯಾವ ಪದ್ಧತಿಯಲ್ಲೂ ಕೊನೆಗೆ ಎಲೆಯೂ ಉಳಿಯುವುದಿಲ್ಲ, ಚರಟವೂ ಉಳಿಯುವುದಿಲ್ಲ. ಜರಡಿಯಿದ್ದ ಪಾಟಿಗೂ ಎತ್ತರದ ಮೂತಿಯ ಪಾಟಿಗೂ ನಮ್ಮ ಮನೆಯಲ್ಲಿ ಕೆಲಸವೇ ಇರಲಿಲ್ಲ. ಅವು ನಡುಮನೆಯ ಗೂಡಿನಲ್ಲಿ ಕೂತವು.

ಪಾತ್ರೆಗೆ ಕೆಲಸವಿಲ್ಲದಿದ್ದರೇನು, ನನ್ನ ಬಾಯಿಗೆ ಇತ್ತು. ಮನೆಗೆ ಬಂದವರಿಗೆಲ್ಲ ಎರಡನ್ನೂ ತೋರಿಸಿ ವಿವರಿಸಿದೆ. ಸ್ಟಾಫ್ ರೂಮಿನಲ್ಲಿ ಸೀಮೆಸುಣ್ಣದಿಂದ ಮೇಜಿನ ಮೇಲೆ ಚಿತ್ರ ಬರೆದು ವಿವರಿಸಿದೆ. ನಾನು ಒಳಗೆ ಬಂದರೆ ಡ್ರಿಲ್ ಮೇಷ್ಟ್ರು 'ಪಾಟು ಬಂತು' ಎಂದು ಪಿಸುಗುಡುವ ಮಟ್ಟಕ್ಕೆ ಹೋಯಿತು. ಆದರೆ ಹೇಳುತ್ತ ಹೇಳುತ್ತ ಆ ವಿಷಯ ನನ್ನೊಳಗೇ ಇಳಿದದ್ದೂ ನಿಜ. ಎರಡು ಪಾತ್ರೆಗಳ ಕಷ್ಟವೂ ಒಂದೇ ಅಲ್ಲವೇ? ಒಳಗಿನ ಚರಟ ಹೊರಗಿನವರ ಬಟ್ಟಲಿಗೆ ಬೀಳಬಾರದು. ಒಂದು ತಡೆಯುತ್ತದೆ, ಇನ್ನೊಂದು ಕಾಯುತ್ತದೆ. ಮನುಷ್ಯರಲ್ಲೂ ಇವೆರಡು ಬಗೆ ಇವೆ ಎಂದು ನನಗೆ ತೋರತೊಡಗಿತು. ನಮ್ಮ ಅವ್ವ ಟೀಪಾಟು. ಸಿಟ್ಟು ಎಷ್ಟೇ ಕುದಿಯುತ್ತಿದ್ದರೂ ಮಾತು ಜರಡಿಯಿಂದ ಸೋಸಿಯೇ ಬರುತ್ತಿತ್ತು, ಬಿಸಿಬಿಸಿಯಾಗಿ, ಆಗಲೇ. ತೀರಿಹೋದ ನಮ್ಮಪ್ಪ ಕಾಫಿಪಾಟು. ಬೇಸರವಾದರೆ ದಿನಗಟ್ಟಲೆ ಬಾಯಿ ಬಿಡುತ್ತಿರಲಿಲ್ಲ. ಎಲ್ಲ ತಳಕ್ಕೆ ಕೂತ ಮೇಲೆ ಒಂದು ಮಾತು ಆಡುತ್ತಿದ್ದ, ಅದು ತಿಳಿಯಾಗಿರುತ್ತಿತ್ತು. ಅಪ್ಪನ ಆ ತಿಳಿ ಮಾತುಗಳಿಲ್ಲದೆ ನನಗೆ ಎಷ್ಟೋ ಸಲ ದಿಕ್ಕು ತೋಚುತ್ತಿರಲಿಲ್ಲ. ಇದನ್ನೆಲ್ಲ ಒಂದು ಸಂಜೆ ಮನೆಯಲ್ಲಿ ಹೇಳುತ್ತಿದ್ದಾಗ ಗಿರಿಜ, "ಹಂಗಾದ್ರೆ ನೀವು ಯಾವುದ್ರೀ?" ಎಂದು ಕೇಳಿದಳು. ನಾನು ಯೋಚಿಸುವ ಮೊದಲೇ ನನ್ನ ತಂಗಿ ವಿಮಲ ಉತ್ತರ ಕೊಟ್ಟಳು. "ಅಣ್ಣ ಮುಚ್ಚಳ ಅತ್ತಿಗೆ. ಸ್ವಲ್ಪ ಬಗ್ಗಿಸಿದ್ರೂ ಮೊದಲು ಬೀಳಾದು ಅವನೇ."

ವಿಮಲಳ ಬಗ್ಗೆ ಇಲ್ಲಿ ಹೇಳಲೇಬೇಕು. ಅವಳು ನ್ಯಾಮತಿಯ ಪ್ರೈಮರಿ ಶಾಲೆಯಲ್ಲಿ ಟೀಚರು. ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ ಹೋಗಿ, ಸಂಜೆ ಧೂಳು ತುಂಬಿಕೊಂಡು ಬರುತ್ತಿದ್ದಳು. ನಗುನಗುತ್ತ ಇದ್ದ ಹುಡುಗಿ. ಅವಳ ಆ ನಗು ಯಾವಾಗ ಕಡಿಮೆಯಾಯಿತು ಎಂದು ನಮಗೆಲ್ಲ ಗೊತ್ತಿತ್ತು. ಹೆಣ್ಣು ನೋಡಲು ಬರುವವರು ಶುರುವಾದ ಮೇಲೆ. ಬಂದವರು ಉಪ್ಪಿಟ್ಟು ತಿನ್ನುತ್ತಿದ್ದರು. ವಿಮಲ ರೇಷ್ಮೆ ಸೀರೆ ಉಟ್ಟು, ತಲೆ ತಗ್ಗಿಸಿ, ತಟ್ಟೆಯಲ್ಲಿ ಕಪ್ಪು ಬಸಿ ಇಟ್ಟುಕೊಂಡು ಬಂದು ಎಲ್ಲರ ಮುಂದೆ ಬಗ್ಗುತ್ತಿದ್ದಳು. ನಡೆಸಿ ನೋಡುತ್ತಿದ್ದರು, ಮಾತಾಡಿಸಿ ನೋಡುತ್ತಿದ್ದರು, 'ಮದುವೆ ಆದ್ಮೇಲೆ ಕೆಲಸ ಬಿಡ್ತೀಯೇನವ್ವ' ಎಂದು ಕೇಳುತ್ತಿದ್ದರು. ಬಿಡುವುದಿಲ್ಲ ಎಂದು ಅವಳು ಮೆಲ್ಲಗೆ ಹೇಳುತ್ತಿದ್ದಳು. ಅವರು ಎಲೆಯಡಿಕೆ ಹಾಕಿಕೊಂಡು, 'ಊರಿಗೆ ಹೋಗಿ ಪತ್ರ ಬರೀತೀವಿ' ಎಂದು ಹೊರಡುತ್ತಿದ್ದರು. ಪತ್ರ ಬರುತ್ತಿರಲಿಲ್ಲ. ಅಂಚೆಯವನು ನಮ್ಮ ಬೀದಿಗೆ ಬರುವ ಹೊತ್ತಿಗೆ ಅವ್ವ ಏನೋ ನೆಪ ಮಾಡಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅವನು ಮುಂದಿನ ಮನೆಗೆ ಹೋದ ಮೇಲೆ ಒಳಗೆ ಬಂದು ಏನೂ ಆಗದವಳಂತೆ ಅಕ್ಕಿ ಆರಿಸಲು ಕೂರುತ್ತಿದ್ದಳು. ಅದನ್ನು ನೋಡುವುದಕ್ಕಿಂತ ನನಗೆ ಬೇರೆ ಸಂಕಟ ಇರಲಿಲ್ಲ.

ಚನ್ನಗಿರಿಯ ಸಂಬಂಧ ತಂದವರು ನಮ್ಮ ಮಾವ, ಗಿರಿಜಳ ತಂದೆ. ಹುಡುಗನ ಹೆಸರು ಪರಮೇಶ. ಪಂಪ್‌ಸೆಟ್ಟು ರಿಪೇರಿ ಮಾಡುವ ಸ್ವಂತ ಅಂಗಡಿ. ಸುತ್ತಮುತ್ತಲ ತೋಟ ಗದ್ದೆಗಳ ಮೋಟಾರು ಕೆಟ್ಟರೆ ಅವನೇ ಬರಬೇಕು ಎಂದು ಮಾವ ಹೊಗಳಿದರು. ನನ್ನ ಮುಖ ಸ್ವಲ್ಪ ಸಪ್ಪಗಾಯಿತು. ಟೀಚರು ಹುಡುಗಿಗೆ ಒಬ್ಬ ಬ್ಯಾಂಕಿನವನೋ ಲೆಕ್ಚರರೋ ಸಿಗಲಿ ಎಂದು ನನಗೆ ಆಸೆ. ಆದರೆ ಹುಡುಗಿ ಕೆಲಸ ಬಿಡಬೇಕಾಗಿಲ್ಲ ಎಂದು ಅವರು ಮೊದಲೇ ಹೇಳಿ ಕಳಿಸಿದ್ದರು. ವಿಮಲ ಒಪ್ಪಿದಳು. ಒಪ್ಪಿ, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. "ಬರಲಿ ಅಣ್ಣ. ಆದ್ರೆ ಇದೇ ಕೊನೆ. ಇನ್ನೊಂದು ಸಲ ತಟ್ಟೆ ಹಿಡ್ಕಂಡು ಬರಾಕೆ ನನ್ನಿಂದ ಆಗಲ್ಲ. ಆಮ್ಯಾಲೆ ಯಾರೂ ಮದುವೆ ಮಾತು ಎತ್ತಬಾರದು. ಅವ್ವನೂ ಎತ್ತಬಾರದು." ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಹೇಳಿದರೆ ಹೇಳಿದಂತೆ ನಡೆಯುವ ಹುಡುಗಿ ಅವಳು ಎಂಬುದು ನನಗೆ ಗೊತ್ತಿತ್ತು.

ಹಾಗಾಗಿ ಈ ಸಲ ಏನೂ ಕುಂದು ಬರಬಾರದು ಎಂದು ತೀರ್ಮಾನಿಸಿದೆ. ಕುಂದು ಬಾರದಂತೆ ಮಾಡಲು ನನಗೆ ತೋಚಿದ ಉಪಾಯ ಯಾವುದೆಂದರೆ, ಕಾಫಿಯನ್ನು ಎಲ್ಲರಂತೆ ಒಳಗಿನಿಂದ ತುಂಬಿಸಿ ತರದೆ, ಪಾಟಿನಲ್ಲಿ ತಂದು ಬಂದವರ ಕಣ್ಣೆದುರಿಗೇ ಬಗ್ಗಿಸಿ ಕೊಡುವುದು. ಡಾಕ್ಟರ ಮನೆಯಲ್ಲಿ ಹಾಗೆ ಕೊಡುತ್ತಿದ್ದರು. ನಮ್ಮದೂ ಅಂಥ ಮನೆ ಎಂದು ಚನ್ನಗಿರಿಯವರಿಗೆ ತಿಳಿಯಲಿ. ಗಿರಿಜ, "ಸುಮ್ನೆ ಲೋಟದಾಗೆ ಕೊಡೋಣ್ರೀ" ಎಂದಳು. "ಲೋಟದಾಗೆ ಎಲ್ರೂ ಕೊಡ್ತಾರೆ" ಎಂದೆ.

ಆ ಭಾನುವಾರ ಬೆಳಿಗ್ಗೆ ಗೂಡಿಗೆ ಕೈ ಹಾಕಿದರೆ ಉದ್ದನೆಯ ಕಾಫಿಪಾಟು ಇರಲಿಲ್ಲ. ದುಂಡನೆಯದು ಮಾತ್ರ ಇತ್ತು. ಉದ್ದನೆಯದು ಎಂದಿನಿಂದ ಕಾಣೆಯಾಗಿತ್ತೋ, ಅದರ ಬಗ್ಗೆ ಮಾತಾಡುವುದರಲ್ಲಿ ಮುಳುಗಿದ್ದ ನಾನು ಗಮನಿಸಿರಲಿಲ್ಲ. ಹುಡುಕಿದಾಗ ಅಡುಗೆಮನೆಯ ಮೂಲೆಯಲ್ಲಿ ಸಿಕ್ಕಿತು, ಮೈಯೆಲ್ಲ ಜಿಡ್ಡಾಗಿ.

"ಅದ್ರಾಗೆ ಎಣ್ಣಿ ಹಾಕೀನಪ್ಪ" ಎಂದಳು ಅವ್ವ. "ಗಾಣದ ಎಣ್ಣಿ. ಗಸಿ ಎಲ್ಲ ತಳಕ್ಕೆ ಕೂರ್ತೈತೆ. ಮೂತಿ ಮ್ಯಾಲೈತೆ ನೋಡು, ತಿಳಿ ಎಣ್ಣಿನೇ ಬರ್ತೈತೆ. ಇಂಥ ಗಿಂಡಿ ನೀನು ಮೊದ್ಲೇ ತರಬಾರದಿತ್ತಾ?"

ನಾನು ಊರಿಗೆಲ್ಲ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡ ವಿದ್ಯೆಯನ್ನು ಅವ್ವ ಸದ್ದಿಲ್ಲದೆ ಒಗ್ಗರಣೆಗೆ ಬಳಸುತ್ತಿದ್ದಳು. ಹೊಗಳುವಷ್ಟು ವ್ಯವಧಾನ ಆಗ ಇರಲಿಲ್ಲ. ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಎಣ್ಣೆಯ ವಾಸನೆ ಹೋಗಲಿಲ್ಲ. ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. ಐದಾರು ಜನ ಬರುತ್ತೇವೆ ಎಂದಿದ್ದರು. ವ್ಯಾನಿನಿಂದ ಇಳಿಯುವವರು ಮುಗಿಯಲೇ ಇಲ್ಲ. ನಾನು ದುಂಡನೆಯ ಟೀಪಾಟನ್ನು ತೊಳೆದು ಗಿರಿಜಳ ಮುಂದಿಟ್ಟೆ.

"ಇದು ಚಾದ್ದು ಅಂತ ನೀವೇ ಸಾರಿದ್ರಲ್ಲ?"

"ಕಾಫಿಗೆ ಅದೇನು ಗೊತ್ತಾಗ್ತೈತೆ? ಹಾಕು."

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಹಾಕಿದಳು. ನೀರು ಸೋಕಿಸದ ಎಮ್ಮೆ ಹಾಲಿನಲ್ಲಿ ಮಾಡಿದ, ಚಮಚ ನೆಟ್ಟರೆ ನಿಲ್ಲುವಂಥ ಕಾಫಿ. ಪಾಟು ಕಂಠಮಟ್ಟ ತುಂಬಿತು. ಮುಚ್ಚಳ ಮುಚ್ಚಿ ಇಟ್ಟೆವು. ಹೊರಗೆ ಕೈಕಾಲು ತೊಳೆಯುವುದು, ಚಾಪೆ ಹಾಸುವುದು, ಮಳೆ ಬೆಳೆ, ಅಡಿಕೆ ಧಾರಣೆ, ಉಪ್ಪಿಟ್ಟು, ಕೇಸರಿಬಾತು ಎಲ್ಲ ಮುಗಿಯುವ ತನಕ ಕಾಫಿ ಆ ದುಂಡು ಹೊಟ್ಟೆಯಲ್ಲಿ ಸುಮ್ಮನೆ ಕೂತಿತ್ತು. ಎಮ್ಮೆ ಹಾಲಿನ ಕಾಫಿ ಸುಮ್ಮನೆ ಕೂತರೆ ಏನು ಮಾಡುತ್ತದೆ ಎಂದು ಯಾವ ಮನೆಯ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಕೆನೆ ಕಟ್ಟುತ್ತದೆ.

ವಿಮಲ ತಟ್ಟೆಯಲ್ಲಿ ಕಪ್ಪು ಬಸಿ ಹಿಡಿದು ಬಂದಳು. ಹಿಂದೆ ನಾನು, ಎರಡು ಕೈಯಲ್ಲೂ ಟೀಪಾಟು ಹಿಡಿದು, ಮುಚ್ಚಳದ ಮೇಲೆ ಹೆಬ್ಬೆರಳಿಟ್ಟು. ಬಂದವರ ಕಣ್ಣುಗಳು ಹುಡುಗಿಯಿಂದ ಪಾಟಿಗೂ ಪಾಟಿನಿಂದ ಹುಡುಗಿಗೂ ಹರಿದಾಡಿದವು. ನನಗೆ ಹೆಮ್ಮೆಯಾಯಿತು. ಮೊದಲು ಹುಡುಗನ ತಂದೆಯ ಮುಂದೆ ನಿಂತೆವು. ಬಿಳಿ ಪಂಚೆ, ಬಿಳಿ ಜುಬ್ಬ, ಹೆಗಲ ಮೇಲೆ ಬಿಳಿ ವಲ್ಲಿ ಹೊದ್ದ ದೊಡ್ಡ ಮನುಷ್ಯರು. ಪಾಟನ್ನು ಬಗ್ಗಿಸಿದೆ. ಒಂದೆರಡು ಹನಿ ಬಿತ್ತು. ಇನ್ನಷ್ಟು ಬಗ್ಗಿಸಿದೆ. ಅದೂ ನಿಂತಿತು. ಮೆಲ್ಲಗೆ ಅಲುಗಾಡಿಸಿದೆ. ಒಳಗೆ ತುಂಬಿದ ಕಾಫಿ ಗುಳುಕ್ ಎಂದಿತೇ ಹೊರತು ಮೂತಿಯಿಂದ ಏನೂ ಬರಲಿಲ್ಲ. ಚಹಾದೆಲೆ ತಡೆಯಲೆಂದು ಯಾವನೋ ಪುಣ್ಯಾತ್ಮ ಕೊರೆದಿದ್ದ ಆ ಸಣ್ಣ ತೂತುಗಳಿಗೆಲ್ಲ ನಮ್ಮ ಎಮ್ಮೆಯ ಕೆನೆ ಅಂಟಿಕೊಂಡು ಕೂತಿತ್ತು.

"ಮುಗಿದಂಗೆ ಕಾಣ್ತೈತೆ" ಎಂದರು ಹುಡುಗನ ಚಿಕ್ಕಪ್ಪ. ಒಳ್ಳೆಯ ಮನಸ್ಸಿನಿಂದಲೇ ಅಂದರು. "ಇರಲಿ ಬಿಡ್ರಿ, ನಾವು ಕಾಫಿಗೆ ಬಂದಿಲ್ಲ." ಹೆಂಗಸರ ಕಡೆಯಿಂದ ಯಾರೋ, "ಜನ ಜಾಸ್ತಿ ಬಂದ್ವಿ, ಹಾಲು ಸಾಲದಂಗೆ ಆಗೈತೇನೋ ಪಾಪ" ಎಂದದ್ದು ಕೇಳಿತು. ಬಾಗಿಲ ಮರೆಯಲ್ಲಿ ನಿಂತಿದ್ದ ಅವ್ವನಿಗೂ ಅದು ಕೇಳಿತು. ಮನೆಗೆ ಬಂದವರಿಗೆ ಒಂದು ಗುಟುಕು ಕೊಡಲಾರದ ಮನೆ ಎಂದು ಅನ್ನಿಸಿಕೊಳ್ಳುವುದು ಅವಳ ಜೀವಮಾನದಲ್ಲಿ ನಡೆದಿರಲಿಲ್ಲ. ತಟ್ಟೆ ಹಿಡಿದು ಬಗ್ಗಿದ್ದ ವಿಮಲ ನೆಟ್ಟಗಾದಳು. ನಾನು ಅವಳ ಮುಖ ನೋಡಿದೆ, ನೋಡಬಾರದಿತ್ತು ಅನಿಸಿತು. ಇದು ಅವಳ ಕೊನೆಯ ತಟ್ಟೆ. ಅದನ್ನು ನನ್ನ ಕೈಯಾರೆ ಹಾಳು ಮಾಡಿದ್ದೆ. ನೆಲ ಬಾಯಿ ಬಿಡಬಾರದೇ ಎಂದುಕೊಂಡೆ.

ಎಲ್ಲರೂ ಹುಡುಗಿಯನ್ನೋ ನನ್ನನ್ನೋ ನೋಡುತ್ತಿದ್ದಾಗ ಒಬ್ಬ ಮಾತ್ರ ಪಾಟಿನ ಮೂತಿಯನ್ನೇ ನೋಡುತ್ತಿದ್ದ. ಹುಡುಗ. ಅಲ್ಲಿಯ ತನಕ ಬೆಂಚಿನ ತುದಿಯಲ್ಲಿ ಇಸ್ತ್ರಿ ಮಾಡಿದ ಅಂಗಿಯೊಳಗೆ ಮುದುಡಿ ಕೂತಿದ್ದವನು ಎದ್ದು ಬಂದ.

"ಕೊಡ್ರಿ ಸಾರ್ ಇಲ್ಲಿ. ಏನೋ ಕಟ್ಕಂಡೈತೆ."

ನಾನು ಕೊಟ್ಟೆ. ಪಂಪ್‌ಸೆಟ್ಟಿನವರಿಗೆ ಒಂದು ಅಭ್ಯಾಸ. ಪೈಪು ಕಟ್ಟಿಕೊಂಡರೆ ಮೊದಲು ಬಾಯಿ ಹಚ್ಚಿ ಊದಿ ನೋಡುತ್ತಾರೆ. ಕೈ ತಾನಾಗಿ ಪೈಪನ್ನು ಬಾಯಿಗೆ ಒಯ್ಯುತ್ತದೆ, ತಲೆ ಆಮೇಲೆ ಎಚ್ಚರಗೊಳ್ಳುತ್ತದೆ. ಪರಮೇಶ ಪಾಟನ್ನು ಎತ್ತಿ, ಮೂತಿಗೆ ಬಾಯಿ ಹಚ್ಚಿ, ಎದೆ ತುಂಬ ಗಾಳಿ ಎಳೆದುಕೊಂಡು ಊದಿದ. ಒಳಗೆ ಬುಡುಬುಡು ಎಂದಿತು. ನಾಲಿಗೆಯಿಲ್ಲದ ಮುಚ್ಚಳ ಎಗರಿ ಗಾರೆಯ ನೆಲಕ್ಕೆ ಬಿದ್ದು ಚೂರಾಯಿತು. ಕಾಫಿ ಬುಗ್ಗೆಯೆದ್ದು ಅವನ ಅಪ್ಪನ ಬಿಳಿ ಜುಬ್ಬದ ಮೇಲೆ ಹರಡಿತು. ಪುಣ್ಯಕ್ಕೆ ಅಷ್ಟು ಹೊತ್ತಿಗೆ ಅದು ಉಗುರುಬೆಚ್ಚಗಾಗಿತ್ತು.

ಜುಬ್ಬ ಕೆಟ್ಟದ್ದು ದೊಡ್ಡದಲ್ಲ, ಮುಚ್ಚಳ ಒಡೆದದ್ದೂ ದೊಡ್ಡದಲ್ಲ. ಹೆಣ್ಣು ನೋಡಲು ಬಂದ ಗಂಡು, ಹೆಣ್ಣಿನ ಮನೆಯವರು ಹತ್ತಾರು ಜನರಿಗೆಂದು ಮಾಡಿದ ಕಾಫಿಯನ್ನು ಎಲ್ಲರ ಕಣ್ಣೆದುರು ಎಂಜಲು ಮಾಡಿದ್ದ. ಹುಡುಗನ ತಾಯಿ, "ಅಯ್ಯೋ ಪರಮೇಶಿ" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡರು. ಅವನು ಪಾಟು ಹಿಡಿದುಕೊಂಡೇ ನಿಂತಿದ್ದ. ಮೂಗಿನ ತುದಿಯಲ್ಲಿ ಕಾಫಿಯ ನೊರೆಯಿತ್ತು.

ಆಗ ವಿಮಲ ನಕ್ಕಳು. ಮೊದಲು ತಡೆಯಲು ನೋಡಿದಳು, ಆಗಲಿಲ್ಲ. ತಟ್ಟೆಯನ್ನು ನೆಲಕ್ಕಿಟ್ಟು, ಅಲ್ಲೇ ಕುಕ್ಕರಗಾಲಲ್ಲಿ ಕೂತು, ಬಾಯಿಗೆ ಸೆರಗು ತುರುಕಿಕೊಂಡು, ತಾನು 'ಹೆಣ್ಣು' ಎನ್ನುವುದನ್ನು ಮರೆತು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾವು ಕೇಳಿ ಎಷ್ಟೋ ಕಾಲವಾಗಿತ್ತು. ಕೊನೆಗೆ ಕಣ್ಣೊರೆಸಿಕೊಂಡು, ಮೊದಲ ಸಲ ಅವನ ಮುಖ ನೋಡಿ, "ಚಾಲೂ ಆಯ್ತು ಬಿಡ್ರಿ ನಿಮ್ಮ ಪಂಪು" ಎಂದಳು.

ಅವನು ನೆಲದ ಮೇಲಿನ ಚೂರುಗಳನ್ನು ನೋಡಿದ. "ಚಾಲೂ ಆಯ್ತು. ಆದ್ರೆ ಮುಚ್ಚಳ ಹೋತು ನೋಡ್ರಿ" ಎಂದ.

ಅದಕ್ಕೆ ಹುಡುಗನ ಅಪ್ಪನೂ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಗಿರಿಜ ಒಳಗಿನಿಂದ ಸ್ಟೀಲ್ ಲೋಟಗಳಲ್ಲಿ ಎಲ್ಲರಿಗೂ ಕಾಫಿ ತಂದಳು. ಹಾಲು ಬೇಕಾದಷ್ಟಿತ್ತು, ಎರಡೆರಡು ಸಲ ಕುಡಿದರು. ನಡೆಸಿ ನೋಡುವುದು, ಪ್ರಶ್ನೆ ಕೇಳುವುದು ಯಾರಿಗೂ ನೆನಪಾಗಲಿಲ್ಲ. ಹೊರಡುವಾಗ ನಾನು ವ್ಯಾನಿನ ಬಳಿ ನಿಂತು ಆ ಹಳೆಯ ಮಾತಿಗೆ ಕಾಯುತ್ತಿದ್ದೆ. ಹುಡುಗನ ಅಪ್ಪ ಕಾಫಿ ಕಲೆಯ ಮೇಲೆ ವಲ್ಲಿ ಎಳೆದುಕೊಂಡು ಹೇಳಿದರು. "ಮೇಷ್ಟ್ರೇ, ಪತ್ರ ಬರೀತೀವಿ ಅಂತ ಗಂಡಿನ ಕಡೆಯೋರು ಹೇಳಿ ಹೋಗಾದು ರೂಢಿ. ಈ ಸಲ ನೀವು ಬರೀರಿ. ಹುಡುಗಿನ್ನ ಕೇಳಿ ಬರೀರಿ. ನಮ್ಮ ಹುಡುಗ ಇರಾದೇ ಹಿಂಗೆ, ನೀವೇ ನೋಡಿದ್ರಲ್ಲ. ಒಳಗೆ ಏನೂ ಇಟ್ಕಳಾಕೆ ಬರಲ್ಲ ಅವನಿಗೆ."

ಸಂಜೆ ನಾನು ಪೆನ್ನು ಹಿಡಿದು ಕೂತೆ. ಇಂಥ ಪತ್ರ ನಮ್ಮ ಮನೆಯಿಂದ ಹೋದದ್ದೇ ಇಲ್ಲ, ಹೇಗೆ ಬರೆಯಬೇಕೆಂದು ತಿಳಿಯದು. ವಿಮಲಳನ್ನು ಕರೆದು, ಓದಿನ ವಿಷಯ, ಉದ್ಯೋಗದ ವಿಷಯ, ಮುಂದಾಲೋಚನೆಯ ವಿಷಯ ಎಲ್ಲವನ್ನೂ ವಿವರವಾಗಿ ಮುಂದಿಟ್ಟೆ. ಅವಳು ಪೂರ್ತಿ ಕೇಳಿ, "ನಿಂಗೆ ತಿಳಿದಂಗೆ ಬರಿ ಅಣ್ಣ" ಎಂದು ಹಿತ್ತಲಿಗೆ ಹೋದಳು. ನನಗೆ ಏನೂ ತಿಳಿಯಲಿಲ್ಲ. ಒಂದು ಹಾಳೆ ಬರೆದು ಹರಿದೆ, ಇನ್ನೊಂದು ಬರೆದು ಹರಿದೆ. ದೀಪ ಹಚ್ಚಲು ಬಂದ ಗಿರಿಜ ನಿಂತು ನೋಡಿದಳು.

"ಒಪ್ಪಿಗೆ ಅಂತ ಒಂದು ಮಾತು ಬರೀರಿ. ಸಾಕು."

"ಅವಳು ಹೇಳಲೇ ಇಲ್ಲವಲ್ಲೇ."

"ಹೇಳಿದ್ಲು. ನಿಮಗೆ ಕೇಳಲಿಲ್ಲ." ಗಿರಿಜ ದನಿ ತಗ್ಗಿಸಿದಳು. "ಆ ಪಾಟಿನಾಗೆ ಉಳಿದಿತ್ತಲ್ಲ ಕಾಫಿ, ಎಂಜಲು, ಬಚ್ಚಲಿಗೆ ಚೆಲ್ಲು ಅಂತ ಅತ್ತೆ ಹೇಳಿದ್ರು. ಒಳಗೆ ತಗಂಡು ಹೋದ್ಲು. ನಾನು ಲೋಟ ತೊಳೀತಿದ್ದೆ, ನಾನಿರಾದು ಅವಳಿಗೆ ಗೊತ್ತಿರಲಿಲ್ಲ. ಚೆಲ್ಲಲಿಲ್ಲ ರೀ. ಗ್ವಾಡಿ ಕಡೆ ತಿರುಗಿ ನಿಂತು, ಲೋಟಕ್ಕೆ ಬಗ್ಗಿಸ್ಕಂಡು ಕುಡಿದ್ಲು."

ನಾನು ಪೆನ್ನು ಕೆಳಗಿಟ್ಟೆ. ನಮ್ಮ ಮನೆಯಲ್ಲಿ ಎಂಜಲೆಂದರೆ ಎಷ್ಟು ಕಟ್ಟುನಿಟ್ಟು ಎಂದು ಹೇಳಬೇಕಾಗಿಲ್ಲ. ನಾನು ಕಚ್ಚಿದ ಹಣ್ಣನ್ನು ವಿಮಲ ಚಿಕ್ಕಂದಿನಲ್ಲೂ ಮುಟ್ಟಿದವಳಲ್ಲ. ಒಬ್ಬರ ಎಂಜಲು ಒಬ್ಬರು ಉಂಡದ್ದನ್ನು ನಾವು ನೋಡಿದ್ದು ಒಂದೇ ಕಡೆ. ಅಪ್ಪ ಉಂಡೆದ್ದ ತಟ್ಟೆಯಲ್ಲೇ ಅವ್ವ ಬಡಿಸಿಕೊಳ್ಳುತ್ತಿದ್ದಳು. ಅದರ ಅರ್ಥವನ್ನು ಯಾರೂ ನಮಗೆ ವಿವರಿಸಿರಲಿಲ್ಲ. ವಿವರಿಸದೆಯೇ ವಿಮಲಳಿಗೆ ತಿಳಿದಿತ್ತು. ನನ್ನ ಕಣ್ಣು ತುಂಬಿ ಬಂತು, ಹಾಳೆ ಕಾಣಲಿಲ್ಲ. ಗಿರಿಜ ಹೇಳಿದ ಒಂದು ಮಾತನ್ನೇ ಬರೆದು, ಕೆಳಗೆ ಸಹಿ ಹಾಕಿದೆ. ನಾನು ಬರೆದ ಪತ್ರಗಳಲ್ಲೆಲ್ಲ ಅದೇ ಚಿಕ್ಕದು.

ಮದುವೆಯ ಉಡುಗೊರೆಯಾಗಿ ಏನು ಬೇಕೆಂದು ಕೇಳಿದಾಗ ಅಳಿಯದೇವರಾದ ಪರಮೇಶ ಆ ಟೀಪಾಟನ್ನೇ ಕೇಳಿದ. ಕಾಫಿಪಾಟು ಅವ್ವನ ಎಣ್ಣೆಗೇ ಉಳಿಯಿತು, ಅವಳಿರುವ ತನಕ ಅದರಿಂದ ತಿಳಿ ಎಣ್ಣೆಯೇ ಬಂತು. ಕೆಲವು ವರ್ಷಗಳ ಮೇಲೆ ಒಮ್ಮೆ ಚನ್ನಗಿರಿಗೆ ಹೋಗಿದ್ದೆ. ವಿಮಲ ಹತ್ತಿರದ ಶಾಲೆಗೆ ವರ್ಗ ಮಾಡಿಸಿಕೊಂಡಿದ್ದಳು. ನಡುಮನೆಯ ಗಾಜಿನ ಬೀರುವಿನಲ್ಲಿ, ಮುಚ್ಚಳವಿಲ್ಲದ ಟೀಪಾಟು ನೀಲಿ ಬಳ್ಳಿಯೊಂದಿಗೆ ಕೂತಿತ್ತು. ಯಾರೋ ನೆಂಟರು ಬಂದಿದ್ದರು, ಅದೇನೆಂದು ಕೇಳಿದರು. ಪರಮೇಶ ಬೀರು ತೆಗೆದು, ಅದನ್ನು ಎರಡು ಕೈಯಲ್ಲಿ ಎತ್ತಿ ತೋರಿಸಿದ.

"ಇದು ಕಾಫಿಪಾಟು ಅಂತ. ನಮ್ಮ ಭಾವನೋರು ಕೊಟ್ಟಿದ್ದು. ಒಳಗೆ ನೋಡ್ರಿ, ಜರಡಿ ಐತೆ. ಕಾಫಿಪುಡಿ ತಡಿಯಾಕೆ."

ನನ್ನ ಗಂಟಲವರೆಗೆ ಬಂತು. ಜರಡಿ ಏಕೆ, ಹೊಟ್ಟೆ ಅಗಲ ಏಕೆ, ಮೂತಿ ಅಲ್ಲೇ ಏಕೆ, ಎಲೆ ಎಂದರೇನು, ಪುಡಿ ಎಂದರೇನು ಎಲ್ಲ ಒಟ್ಟಿಗೇ ನುಗ್ಗಿ ಬಂತು. ಬಾಯಿ ತೆರೆದೆ. ವಿಮಲ ಎದುರಿಗೆ ನಿಂತಿದ್ದಳು. "ಅಣ್ಣ" ಎಂದಳು, ಅಷ್ಟೇ. ನಾನು ಬಾಯಿ ಮುಚ್ಚಿದೆ. ಸ್ಟೀಲ್ ಲೋಟದಲ್ಲಿ ಕೊಟ್ಟ ಕಾಫಿ ಕುಡಿದು, "ಹೌದು, ಕಾಫಿಪಾಟು" ಎಂದೆ. ನನಗೂ ಕೊನೆಗೆ ಆ ದೊಡ್ಡ ಗುಣ ಬಂತಲ್ಲ ಎಂದು ನನ್ನ ಬಗ್ಗೆ ನನಗೇ ಗೌರವ ಮೂಡಿತು. ಆ ಗೌರವ ಚನ್ನಗಿರಿಯ ಬಸ್ ಸ್ಟ್ಯಾಂಡಿನವರೆಗೆ ಇತ್ತು. ಬಸ್ಸಿನಲ್ಲಿ ಪಕ್ಕ ಕೂತವರು ಅಡಿಕೆ ವ್ಯಾಪಾರದವರು, ಸಾಧು ಮನುಷ್ಯರು. ಅವರಿಗೆ ಎರಡು ಪಾಟಿನ ವ್ಯತ್ಯಾಸವನ್ನು ಬುಡದಿಂದ ತುದಿಯವರೆಗೆ ಹೇಳಿದೆ. ಟಿಕೆಟ್ ತೆಗೆಯುವಾಗ ಹೊನ್ನಾಳಿ ಎಂದಿದ್ದವರು ದಾರಿಯಲ್ಲೇ ಯಾವುದೋ ಹಳ್ಳಿಯಲ್ಲಿ, ಏನೋ ಕೆಲಸ ನೆನಪಾಯಿತೆಂದು ಇಳಿದುಹೋದರು.